ಯಾಣದ ಸುಣ್ಣ

ನಮ್ಮ ವಿಜ್ಞಾನದ ಮಾಸ್ತರರು ಬರುವ ತಿಂಗಳು ನಿವೃತ್ತರಾಗುತ್ತಾರೆ. ಹಳೆಯ ವಿದ್ಯಾರ್ಥಿಗಳು ಸೇರಿ ಸನ್ಮಾನ ಇಟ್ಟುಕೊಂಡಿದ್ದಾರೆ, ಜೊತೆಗೆ ಒಂದು ಸಂಚಿಕೆಯೂ ಬರುತ್ತದಂತೆ. ಅದಕ್ಕೆ ಲೇಖನ ಕೇಳಲು ಮೊನ್ನೆ ನನ್ನ ಸಹಪಾಠಿಯೊಬ್ಬ ಶಿರಸಿ ಪೇಟೆಯ ನಮ್ಮ ಅಂಗಡಿಗೆ ಬಂದಿದ್ದ. ಈಗ ಅವನು ತಾಲೂಕು ಕಚೇರಿಯಲ್ಲಿ ಗುಮಾಸ್ತ. ನಮ್ಮದು ಎಲೆ, ಅಡಿಕೆ, ಸುಣ್ಣ, ತಂಬಾಕಿನ ಅಂಗಡಿ. ಅವನು ಎಲೆಯಡಿಕೆಯ ಒಂದು ಕವಳ ಹಾಕಿಕೊಂಡು, ಅತ್ತಿತ್ತ ನೋಡಿ, ಮಾತಿಗೆ ಶುರು ಮಾಡಿದ.

"ಅಕ್ಕ, ನೀವೊಂದೆರಡು ಪುಟ ಬರ್ದು ಕೊಡಿ. ಹುಡುಗಿಯರ ಪೈಕಿ ಯಾರೂ ಬರೀಲಿಲ್ಲ ಅಂತ ಆಗೂದು ಬೇಡ. ನಾಲ್ಕು ಒಳ್ಳೆ ಮಾತು ಬಂದ್ರೆ ಸಾಕು."

ಒಳ್ಳೆಯ ಮಾತು ನನ್ನ ಹತ್ತಿರ ಇವೆ. ಅವನ್ನು ಮೊದಲು ಹೇಳಿ ಮುಗಿಸಿಬಿಡುತ್ತೇನೆ. ಆಮೇಲಿನದರಲ್ಲಿ ಒಂದಕ್ಷರ ತೆಗೆದರೂ ಲೇಖನ ವಾಪಸು ಕೊಡಬೇಕೆಂದು ಅವನಿಂದ ಮಾತು ತೆಗೆದುಕೊಂಡಿದ್ದೇನೆ. ಅವನು ನಕ್ಕು ಒಪ್ಪಿದ. ಪಾಪ, ಅವನಿಗೆ ಗೊತ್ತಿಲ್ಲ.

ಮಾಸ್ತರರ ಊರು ಸಿದ್ದಾಪುರದ ದೊಡ್ಮನೆ ಕಡೆ. ರಾಜ್ಯ ಒಂದಾದ ವರ್ಷ ಯಲ್ಲಾಪುರದಿಂದ ನಮ್ಮ ಹೈಸ್ಕೂಲಿಗೆ ವರ್ಗವಾಗಿ ಬಂದರು. ಬಿಳಿ ಧೋತರ, ಗುಂಡಿ ಹಾಕಿದ ಕರಿ ಕೋಟು, ಎಡಗೈಯ ಹೆಬ್ಬೆರಳಿನ ಉಗುರಿನಲ್ಲಿ ಯಾವಾಗಲೂ ಒಂದಿಷ್ಟು ಸುಣ್ಣ. ತರಗತಿಯಲ್ಲಿ ಕವಳ ಹಾಕುತ್ತಿರಲಿಲ್ಲ, ಆದರೆ ಗಂಟೆ ಹೊಡೆದದ್ದೇ ತಡ, ಬಾಯಿ ತುಂಬಿರುತ್ತಿತ್ತು. ಆಗ ಯಾರಾದರೂ ಪ್ರಶ್ನೆ ಕೇಳಿದರೆ ತುಟಿ ಬಿಗಿಹಿಡಿದು, ಗದ್ದ ಮೇಲೆತ್ತಿ, ತೋರುಬೆರಳಿನಲ್ಲೇ ಉತ್ತರ ಹೇಳುತ್ತಿದ್ದರು. ಖುಷಿಯಾದಾಗ ಮಾತ್ರ ಶಾಲೆಯ ಕನ್ನಡ ಬಿಟ್ಟು ಮನೆಯ ಮಾತು ಹೊರಬರುತ್ತಿತ್ತು. "ಚೊಲೊ ಇದ್ದು" ಎಂದರೆಂದರೆ ಅವತ್ತು ಯಾರಿಗೂ ಬೈಗುಳವಿಲ್ಲ ಎಂದು ನಾವು ತಿಳಿಯುತ್ತಿದ್ದೆವು.

ಪಾಠ ಹೇಳಲು ನಿಂತರೆ ಅವರನ್ನು ಮೀರಿಸುವವರಿರಲಿಲ್ಲ. ಇದನ್ನು ಹೇಳಲು ನನಗೆ ಹೊಟ್ಟೆ ಉರಿಯುತ್ತದೆ, ಆದರೂ ಹೇಳುತ್ತೇನೆ. ಜ್ವಾಲಾಮುಖಿಯ ಪಾಠದ ದಿನ ಒಂದು ಗೋಲಿ ಸೋಡಾ ತಂದರು. ಬಾಟಲಿಯನ್ನು ಚೆನ್ನಾಗಿ ಅಲುಗಾಡಿಸಿ, ಹೆಬ್ಬೆರಳಿನಿಂದ ಗೋಲಿ ಒತ್ತಿದರು. ನೊರೆ ಚಿಮ್ಮಿ ಮುಂದಿನ ಸಾಲಿನ ಹುಡುಗರ ಮುಖಕ್ಕೆಲ್ಲ ಬಿತ್ತು.

"ನೋಡಿದ್ರ? ಇದ್ರಲ್ಲಿ ಬೆಂಕಿ ಎಲ್ಲುಂಟು? ಜ್ವಾಲಾಮುಖಿ ಅಂದ್ರೆ ಭೂಮಿಯ ಹೊಟ್ಟೇಲಿ ಒಲೆ ಉರೀತದೆ ಅಂತ ತಿಳೀಬೇಡಿ. ಆಳದಲ್ಲಿ ಬಂಡೆ ಕೆಲವು ಕಡೆ ಕರಗ್ತದೆ. ಕರಗಿದ್ದು ಸುತ್ತಲಿನ ಗಟ್ಟಿ ಬಂಡೆಗಿಂತ ಹಗುರ, ಅದಕ್ಕೇ ಮೇಲೆ ಬರ್ತದೆ. ಅದರೊಳಗೆ ಅನಿಲ ಇರ್ತದೆ, ಈ ಸೋಡಾದಲ್ಲಿ ಇದ್ದ ಹಾಗೆ. ಮೇಲಿನ ಭಾರ ಕಡಿಮೆ ಆದ ಕೂಡ್ಲೆ ಅನಿಲ ಹೊರಗೆ ಓಡ್ತದೆ, ಲಾವಾವನ್ನೂ ಎಳ್ಕೊಂಡು ಹೋಗ್ತದೆ."

ಭೂಕಂಪದ ಪಾಠಕ್ಕೆ ಒಂದು ಹಸಿ ಬಿದಿರಿನ ಸೀಳು. ಅದನ್ನು ಎರಡೂ ಕೈಯಲ್ಲಿ ಹಿಡಿದು ಬಗ್ಗಿಸುತ್ತಾ ಹೋದರು. ನೆಲದೊಳಗಿನ ಬಂಡೆಯನ್ನೂ ಹೀಗೆಯೇ ಯಾವುದೋ ಬಲ ವರ್ಷಗಟ್ಟಲೆ ಒತ್ತುತ್ತದೆ, ಅದು ಸದ್ದಿಲ್ಲದೆ ಬಾಗುತ್ತದೆ, ತಡೆಯುವಷ್ಟು ತಡೆದು ಒಂದು ದಿನ ಬಿರುಕಿನ ಗುಂಟ ಜಾರಿಬಿಡುತ್ತದೆ ಎಂದರು. ಅಷ್ಟರಲ್ಲಿ ಬಿದಿರು ಪಟ್ಟನೆ ಮುರಿಯಿತು, ಅವರ ಕೈಯೂ ಅದುರಿತು. "ಈ ಅದುರೂದೇ ಭೂಕಂಪ" ಎಂದರು.

ಆಮೇಲೆ ಹುಡುಗರನ್ನು ಸಾಲಾಗಿ ನಿಲ್ಲಿಸಿ, ಒಬ್ಬರ ಹೆಗಲ ಮೇಲೊಬ್ಬರ ಕೈ ಇಡಿಸಿದರು. ಕೊನೆಯವನನ್ನು ಹಿಂದಿನಿಂದ ದೂಡಿದಾಗ ಆ ದೂಡು ಸರ್ರನೆ ಮುಂದಿನವನ ತನಕ ಹೋಯಿತು. ಅದು ಮೊದಲು ಬರುವ ಅಲೆ. ಅವನನ್ನೇ ಅಡ್ಡಡ್ಡ ಅಲುಗಿಸಿದಾಗ ಆ ಓಲಾಟ ಮೆಲ್ಲಗೆ ಸಾಗಿತು. ಅದು ಎರಡನೆಯ ಅಲೆ, ಮನೆ ಬೀಳಿಸುವುದು ಹೆಚ್ಚಾಗಿ ಅಂಥದ್ದೇ. ನಾವು ಮೂರ್ನಾಲ್ಕು ಹುಡುಗಿಯರು ಹಿಂದಿನ ಬೆಂಚಿನಲ್ಲಿ ಕೂತು ನೋಡುತ್ತಿದ್ದೆವು. ನಮ್ಮನ್ನು ಸಾಲಿಗೆ ಕರೆಯಲಿಲ್ಲ. ಭೂಕಂಪ ಗಂಡಸರಿಗೆ ಮಾತ್ರ ಆಗುತ್ತದೆಯೋ ಏನೋ ಎಂದು ನಾನು ಪಕ್ಕದವಳ ಕಿವಿಯಲ್ಲಿ ಹೇಳಿದ್ದು ಅವರಿಗೆ ಕೇಳಿಸಿತು. ಅವತ್ತೇ ನನ್ನ ಮೇಲೆ ಕಣ್ಣಿಟ್ಟರು ಎಂದು ಕಾಣುತ್ತದೆ.

ಒಳ್ಳೆಯ ಮಾತು ಇಲ್ಲಿಗೆ ಮುಗಿದವು.

ಅವರಿಗೊಂದು ಹುಚ್ಚಿತ್ತು. ತರಬೇತಿಗೆಂದು ಬೆಳಗಾವಿಗೆ ಹೋದಾಗ ಅಲ್ಲಿನ ಕರಿ ಬಂಡೆ ನೋಡಿ ಬಂದಿದ್ದರಂತೆ. ಅದು ಯಾವುದೋ ಕಾಲದಲ್ಲಿ ನೆಲ ಸೀಳಿ ಹರಿದು, ಪದರ ಪದರವಾಗಿ ಆರಿದ ಲಾವಾ. ಇದು ನಿಜವೇ. ಆದರೆ ಆ ಲಾವಾ ನಮ್ಮ ಕಡೆಗೆ ಬರದೆ ಉತ್ತರದಲ್ಲೇ ನಿಂತುಹೋಯಿತು ಎನ್ನುವುದು ಅವರಿಗೆ ಸ್ವಂತ ಆಸ್ತಿ ಕೈತಪ್ಪಿದಷ್ಟು ಬೇಸರದ ಸಂಗತಿಯಾಗಿತ್ತು. ಯಲ್ಲಾಪುರದಲ್ಲಿದ್ದಾಗ ಕಿರವತ್ತಿ ದಾರಿಯಲ್ಲಿ ಕಪ್ಪಗೆ ಕಂಡದ್ದನ್ನೆಲ್ಲ ಲಾವಾ ಎಂದು ತೋರಿಸುತ್ತಿದ್ದರಂತೆ. ಶಿರಸಿಗೆ ಬಂದ ಮೇಲೆ ಅವರ ಕಣ್ಣು ಯಾಣದ ಮೇಲೆ ಬಿತ್ತು.

ಯಾಣ ನೋಡದವರಿಗಾಗಿ ಹೇಳುತ್ತೇನೆ. ಘಟ್ಟದ ಕಾಡಿನ ನಡುವೆ ಮುಗಿಲಿಗೆ ಮುಟ್ಟುವಂತೆ ಎದ್ದು ನಿಂತ ಕರಿ ಬಂಡೆಗಳು. ಸುತ್ತಲಿನ ಮಣ್ಣೂ ಕಪ್ಪು. ಭಸ್ಮಾಸುರ ತನ್ನ ತಲೆಯ ಮೇಲೆ ತಾನೇ ಕೈಯಿಟ್ಟುಕೊಂಡು ಸುಟ್ಟುಹೋದದ್ದು ಅಲ್ಲಿ, ಆ ಮಣ್ಣು ಅವನ ಬೂದಿ ಎಂದು ನಮ್ಮ ಜನ ನಂಬುತ್ತಾರೆ. ಮಾಸ್ತರರು ಕಥೆಯನ್ನೂ ವಿಜ್ಞಾನವನ್ನೂ ಒಂದೇ ಒರಳಿಗೆ ಹಾಕಿ ರುಬ್ಬಿದರು. ಬೂದಿ ಇದೆ ಎಂದ ಮೇಲೆ ಬೆಂಕಿ ಇತ್ತು, ಬೆಂಕಿ ಇತ್ತು ಎಂದ ಮೇಲೆ ಯಾಣ ಒಂದು ಜ್ವಾಲಾಮುಖಿ. ಸತ್ತಿಲ್ಲ, ಮಲಗಿದೆ. ಭಸ್ಮಾಸುರ ಎಂದರೆ ನಮ್ಮ ಹಿರಿಯರು ಲಾವಾಕ್ಕೆ ಇಟ್ಟ ಹೆಸರು. ವರ್ಷ ವರ್ಷವೂ ಇದನ್ನೇ ಹೇಳಿದರು. ಕೇಳಿದವರೆಲ್ಲ ಮನೆಗೆ ಹೋಗಿ ಅದನ್ನೇ ಹೇಳಿದರು.

ನಾವು ಕೊನೆಯ ವರ್ಷದಲ್ಲಿದ್ದಾಗ ತರಗತಿಯನ್ನು ಯಾಣಕ್ಕೆ ಕರೆದುಕೊಂಡು ಹೋದರು. ಹೆಗಡೆಕಟ್ಟಾ ತನಕ ಬಸ್ಸು, ಮುಂದೆ ಕಾಡುದಾರಿ. ಬಂಡೆಯ ಬುಡದಲ್ಲಿ ನಿಂತು, ಒಡೆದು ಬಿದ್ದಿದ್ದ ಒಂದು ತುಂಡನ್ನು ತಾವೇ ಆಯ್ದು ನನ್ನ ಕೈಗೆ ಕೊಟ್ಟರು.

"ತಗ, ಇಟ್ಕ. ಇದು ಲಾವಾ. ಮುಂದೆ ಮಕ್ಕಳಿಗೆ ತೋರ್ಸು."

ಎಲ್ಲರೂ ಆ ಕಲ್ಲನ್ನು ಮುಟ್ಟಿ ನೋಡಿದರು. ಹೊಟ್ಟೆಕಿಚ್ಚು ಪಟ್ಟವರೂ ಇದ್ದರು. ನಾನು ಅದನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದೆ. ಶಿರಸಿಯಲ್ಲಿ ನಾನಿದ್ದದ್ದು ಸೋದರತ್ತೆಯ ಮನೆಯಲ್ಲಿ. ಅಪ್ಪ ಬನವಾಸಿಯಲ್ಲಿ ಜವಳಿ ವ್ಯಾಪಾರಿ. ನಮ್ಮ ಮನೆಯಲ್ಲಿ ಹೈಸ್ಕೂಲಿನ ಮೆಟ್ಟಿಲು ಹತ್ತಿದ ಮೊದಲ ಹೆಣ್ಣು ನಾನು. ಪರೀಕ್ಷೆ ಪಾಸಾದರೆ ಮಾಸ್ತರಿಕೆಯ ತರಬೇತಿಗೆ ಧಾರವಾಡಕ್ಕೆ ಕಳಿಸುತ್ತೇನೆ, ಆದರೆ ಶಾಲೆಯಿಂದ ಒಂದು ದೂರು ಬಂದರೂ ಮನೆಗೆ ಕರೆತರುತ್ತೇನೆ ಎಂದು ಅಪ್ಪ ಮೊದಲೇ ಹೇಳಿದ್ದರು. ಹುಡುಗಿ ಮಾಸ್ತರಿಕೆ ಮಾಡಿದರೆ ತಪ್ಪೇನು ಎಂದು ಅವ್ವ ಕಾಡಿ ಬೇಡಿ ಒಪ್ಪಿಸಿದ್ದ ಮಾತು ಅದು.

ಸೀಮೆಸುಣ್ಣದ ಮೇಲೆ ಹುಳಿ ಬಿದ್ದರೆ ಗುಳ್ಳೆ ಏಳುತ್ತದೆ, ಸುಣ್ಣದ ಕಲ್ಲಿನ ಗುರುತು ಅದೇ ಎಂದು ಈ ಮಾಸ್ತರರೇ ರಸಾಯನದ ಪಾಠದಲ್ಲಿ ಹೇಳಿದ್ದರು. ಒಂದು ದಿನ ಅತ್ತೆ ಉಪ್ಪಿನಕಾಯಿಗೆ ಲಿಂಬೆಹಣ್ಣು ಹಿಂಡುತ್ತಿದ್ದಾಗ ನನಗೆ ಏನೋ ಹೊಳೆಯಿತು. ಯಾಣದ ಕಲ್ಲನ್ನು ಕೆರೆದು, ಆ ಪುಡಿಗೆ ರಸ ಹಾಕಿದೆ. ಸಣ್ಣಗೆ ಗುಳ್ಳೆ ಎದ್ದವು. ಮತ್ತೊಮ್ಮೆ ಹಾಕಿದೆ, ಮತ್ತೆ ಎದ್ದವು. ಲಾವಾ ಆರಿ ಆದ ಕಲ್ಲು ಹೀಗೆ ಮಾಡುವುದಿಲ್ಲ. ಅಂದರೆ ಯಾಣ ಬೆಂಕಿಯಿಂದ ಬಂದದ್ದಲ್ಲ, ಸುಣ್ಣದ ಕಲ್ಲಿನ ಬೆಟ್ಟ. ಮಳೆನೀರು ಯುಗಯುಗಗಳಿಂದ ಕರಗಿಸಿ, ಕೊರೆದು, ಅದನ್ನು ಹಾಗೆ ಚೂಪಾಗಿ ನಿಲ್ಲಿಸಿದೆ. ಮಣ್ಣು ಕಪ್ಪಗಿರುವುದಕ್ಕೆ ಬೂದಿಯೇ ಬೇಕೆಂದಿಲ್ಲ.

ಮಾಸ್ತರರಿಗೆ ಖುಷಿಯಾಗುತ್ತದೆ ಎಂದುಕೊಂಡೆ! ಮಾರನೆಯ ದಿನ ಕಲ್ಲು, ಅರ್ಧ ಲಿಂಬೆಹಣ್ಣು ಎರಡನ್ನೂ ತೆಗೆದುಕೊಂಡು ತರಗತಿಗೆ ಹೋದೆ. ಎದ್ದು ನಿಂತು ಹೇಳಿದೆ. ಅವರು ಕಲ್ಲಿನ ಕಡೆ ತಿರುಗಿಯೂ ನೋಡಲಿಲ್ಲ.

"ಲಿಂಬೆಹಣ್ಣು ಹಿಂಡ್ಲಿಕ್ಕೆ ಇದೆಂತ ಚಿತ್ರಾನ್ನವ? ಕೂತ್ಕ."

ತರಗತಿಗೆ ತರಗತಿಯೇ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವನು ಮೊನ್ನೆ ಲೇಖನ ಕೇಳಲು ಬಂದಿದ್ದ ಗುಮಾಸ್ತನೇ. ನಾನು ಕೂರಲಿಲ್ಲ. "ಒಮ್ಮೆ ನೋಡ್ರಿ ಸರ್, ನೀವ ಹೇಳಿಕೊಟ್ಟಿದ್ದು" ಎಂದೆ. ಆಗ ಅವರ ಮುಖ ಕೆಂಪಗಾಯಿತು. ಹೊರಗೆ ಹೋಗು ಎಂದರು. ಅಂದಿನಿಂದ ಶಾಲೆಯಲ್ಲಿ ನನ್ನ ಹೆಸರು ಚಿತ್ರಾನ್ನ.

ಅಷ್ಟಕ್ಕೆ ಬಿಟ್ಟಿದ್ದರೆ ನಾನೂ ಬಿಡುತ್ತಿದ್ದೆ. ಸಂತೆಯ ದಿನ ಪೇಟೆಗೆ ಬಂದಿದ್ದ ಅಪ್ಪನನ್ನು ಅವರೇ ಹುಡುಕಿಕೊಂಡು ಹೋದರು. ನಾನು ಅತ್ತೆಯ ಜೊತೆ ಪಕ್ಕದಲ್ಲೇ ಇದ್ದೆ.

"ಹುಡುಗಿ ಚುರುಕು ಇದ್ದಾಳೆ, ಆದ್ರೆ ಎದುರುತ್ತರ ಜಾಸ್ತಿ. ಇನ್ನೂ ಓದಿಸಿದ್ರೆ ನಿಮ್ಮ ಕೈಗೂ ಸಿಗೂದಿಲ್ಲ, ನೋಡಿ" ಎಂದರು. ನಗುತ್ತಲೇ ಹೇಳಿದರು. ಮಾಸ್ತರರೆಂದರೆ ಕೈಮುಗಿದು ನಿಲ್ಲುವ ಮನುಷ್ಯ ನಮ್ಮಪ್ಪ. ಅತ್ತೆಯ ಮನೆಗೆ ಬಂದು ನನ್ನ ಟ್ರಂಕು ತೆಗೆದು ಹೊರಗಿಟ್ಟರು.

"ಸರ್ ಹೇಳಿದ ಮ್ಯಾಲೆ ಮುಗೀತು. ನಡಿ ಮನಿಗೆ."

"ಪರೀಕ್ಷಾ ಒಂದ ಬರಕೊಂತೀನಪ್ಪಾ."

"ನಡಿ ಅಂದೆ."

ಪರೀಕ್ಷೆ ಬರೆಯಲಿಲ್ಲ. ಧಾರವಾಡ ನೋಡಲಿಲ್ಲ. ಮರುವರ್ಷ ಮದುವೆ ಮಾಡಿದರು. ಗಂಡನ ಅಂಗಡಿ ಇದ್ದದ್ದು ಅದೇ ಶಿರಸಿಯಲ್ಲಿ, ಅದೂ ಮಾಸ್ತರರು ದಿನಾ ಸಂಜೆ ಕವಳ ಹಾಕಲು ಬರುವ ಜಾಗದಲ್ಲಿ! ಟ್ರಂಕಿನ ತಳದಲ್ಲಿ ಆ ಕಲ್ಲು ನನ್ನ ಜೊತೆ ಬನವಾಸಿಗೆ ಹೋಗಿ, ನನ್ನ ಜೊತೆಯೇ ತಿರುಗಿ ಬಂತು.

ನಮ್ಮ ಯಜಮಾನರು ಒಳ್ಳೆಯವರು, ಜಗಳ ಎಂದರೆ ದೂರ. ಅಂಗಡಿಯ ಕಟ್ಟೆಯ ಮೇಲೆ ಯಾರು ಬಂದು ಕೂತರೂ ಮೊದಲು ಕವಳದ ತಬಕು ಮುಂದಿಡಬೇಕು, ಆಮೇಲೆ ಮಾತು. ವೈರಿಯಾದರೂ ಅಷ್ಟೇ. ಇದು ನಮ್ಮ ಸೀಮೆಯ ರೀತಿ. ಹಾಗಾಗಿ ಏಳೆಂಟು ವರ್ಷ ಆ ಮನುಷ್ಯನ ಮುಂದೆ ದಿನಾ ನಾನು ತಬಕು ಇಟ್ಟೆ. ಅವರು ಎಲೆಯ ತೊಟ್ಟು ಮುರಿದು, ಉಗುರಿನಿಂದ ಸುಣ್ಣ ಎಳೆದು ಹಚ್ಚಿ, "ಎಂತ ಚಿತ್ರಾನ್ನ, ಅರಾಮ?" ಎನ್ನುತ್ತಿದ್ದರು. ಕೂತವರು ನಗುತ್ತಿದ್ದರು. ನಾನು ಹಲ್ಲು ಕಚ್ಚಿಕೊಂಡು ಒಳಗೆ ಹೋಗುತ್ತಿದ್ದೆ. ಬಗ್ಗಿಸಿದ ಬಿದಿರಿನ ಪಾಠ ನನಗೆ ಚೆನ್ನಾಗಿ ನೆನಪಿತ್ತು.

ಆಮೇಲೆ ಮಹಾರಾಷ್ಟ್ರದ ಕೊಯ್ನಾ ಕಡೆ ಭೂಕಂಪ ಆಯಿತು. ನಾನು ಬೆಳಗಿನ ನೀರು ಕಾಯಿಸಲು ಎದ್ದಿದ್ದೆ. ಮೊದಲು ನಾಗಂದಿಗೆಯ ಮೇಲಿನ ಪಾತ್ರೆಗಳು ಗಲಗಲ ಎಂದವು. ಬೆಕ್ಕು ಎಂದುಕೊಂಡೆ. ಸ್ವಲ್ಪ ಬಿಟ್ಟು ತೂಗುಹಾಕಿದ್ದ ಲಾಟೀನು ತಾನಾಗಿಯೇ ಅತ್ತಿತ್ತ ಓಲಾಡತೊಡಗಿತು. ಮೊದಲು ದೂಡುವ ಅಲೆ, ಆಮೇಲೆ ಓಲಾಡಿಸುವ ಅಲೆ. ಸಾಲಿಗೆ ಕರೆಯದ ಹುಡುಗಿಗೂ ಭೂಕಂಪ ಬಂತು. ಅಷ್ಟು ಭಯದಲ್ಲೂ ಇದೊಂದು ಮಾತು ಮನಸ್ಸಿಗೆ ಬಂದದ್ದು ಸುಳ್ಳಲ್ಲ.

ಅಲ್ಲಿ ಊರುಗಳೇ ಕುಸಿದು ಜನ ಸತ್ತ ಸುದ್ದಿ ರೇಡಿಯೋದಲ್ಲಿ ಬಂತು. ನಮ್ಮಲ್ಲಿ ಒಂದು ಹೆಂಚೂ ಬಿದ್ದಿರಲಿಲ್ಲ. ಆದರೆ ಮಧ್ಯಾಹ್ನವಾಗುವಷ್ಟರಲ್ಲಿ ಪೇಟೆ ತುಂಬ ಒಂದೇ ಮಾತು, ಯಾಣ ಎದ್ದಿದೆಯಂತೆ. ಬೇರೆ ಯಾವ ಊರಿನಲ್ಲೂ ಜನ ಹೀಗೆ ಹೆದರಿರಲಾರರು. ನಮ್ಮಲ್ಲಿ ಮಾಸ್ತರರ ಕೈಯಲ್ಲಿ ಕಲಿತವರು ಮನೆಗೊಬ್ಬರಿದ್ದರು. ಹೆಗಡೆಕಟ್ಟಾದಿಂದ ಆಚೆಯ ಮನೆಗಳವರು ದನ ಬಿಚ್ಚಿ, ಗಂಟು ಕಟ್ಟಿ ಕೂತರು. ಕೆಲವರು ಶಿರಸಿಯ ನೆಂಟರ ಮನೆಗೆ ಬಂದೇಬಿಟ್ಟರು.

ಭೂಕಂಪಗಳಲ್ಲಿ ಬಹುಪಾಲು ಜ್ವಾಲಾಮುಖಿಗೆ ಸಂಬಂಧವೇ ಇಲ್ಲದ್ದು, ಬಿರುಕು ಜಾರಿದರೆ ಸಾಕು ಎಂದು ಹೇಳಿಕೊಟ್ಟವರು ಮಾಸ್ತರರೇ. ಆ ಒಂದು ಮಾತು ಹೇಳಿದ್ದರೆ ಜನ ಗಂಟು ಬಿಚ್ಚುತ್ತಿದ್ದರು. ಅವರು ಹೇಳಲಿಲ್ಲ. ಇಷ್ಟು ವರ್ಷಕ್ಕೆ ಅವರ ಜ್ವಾಲಾಮುಖಿಯನ್ನು ಊರೇ ನಂಬಿತ್ತು. ಸಂಜೆಯಾದರೆ ನಮ್ಮ ಕಟ್ಟೆಯ ಮೇಲೆ ಜನ ಮುತ್ತಿಕೊಳ್ಳುತ್ತಿದ್ದರು, ಅವರು ನಡುವೆ ಕೂತು ಗದ್ದ ಮೇಲೆತ್ತುತ್ತಿದ್ದರು. "ಹೇಳ್ಲಿಕ್ಕೆ ಬರೂದಿಲ್ಲ. ಸತ್ತಿದ್ದು ಅಂದ್ಕೊಂಡಿದ್ದೇ ಎದ್ದದ್ದು ಉಂಟು" ಎನ್ನುತ್ತಿದ್ದರು. ಮೊಮ್ಮಗುವನ್ನು ಕಂಕುಳಲ್ಲಿಟ್ಟುಕೊಂಡು ಬಂದ ಒಬ್ಬ ಮುದುಕಿಗೂ ಅದನ್ನೇ ಹೇಳಿದರು. ಅವಳು ಅಳುತ್ತಾ ಹೋದಳು. ಅವತ್ತು ನನ್ನೊಳಗಿನ ಬಿದಿರು ಮುರಿಯಿತು.

ನಮ್ಮ ಅಂಗಡಿಗೆ ಸುಣ್ಣ ಕೊಡುವವನು ಕರಾವಳಿಯ ಚಿಪ್ಪು ತರಿಸಿ ಇಲ್ಲೇ ಗೂಡಿನಲ್ಲಿ ಸುಡುತ್ತಾನೆ. ನನ್ನ ಕಲ್ಲನ್ನು ಒಡೆದು ಚೂರು ಮಾಡಿ, ಚಿಪ್ಪಿನ ಜೊತೆ ಸೇರಿಸದೆ ಬೇರೆಯಾಗಿ ಇಟ್ಟು ಸುಡು ಎಂದೆ. ಯಾಕೆ ಎಂದು ಅವನು ಕೇಳಲಿಲ್ಲ. ಕಪ್ಪಗೆ ಹೋದದ್ದು ಬೆಳ್ಳಗೆ ಬಂತು. ಮಡಕೆಗೆ ಹಾಕಿ ನೀರು ಹೊಯ್ದೆ. ಚುಂಯ್ ಎಂದು, ಬಿರಿದು, ಹಬೆ ಎದ್ದು, ಹಿಟ್ಟಾಗಿ ಕೂತಿತು. ಮಾಸ್ತರರ ಜ್ವಾಲಾಮುಖಿ ಕಾರಿದ್ದು ಅಷ್ಟೇ. ಸೋಸಿ, ತಿಳಿಯಾಗಲು ಬಿಟ್ಟು, ಹಿತ್ತಾಳೆಯ ಸುಣ್ಣದ ಡಬ್ಬಿಗೆ ತುಂಬಿದೆ.

ಮರುದಿನ ಸಂಜೆ ಕಟ್ಟೆಯ ಮೇಲೆ ಕಾಲಿಡಲು ಜಾಗವಿರಲಿಲ್ಲ. ಆ ಮುದುಕಿಯನ್ನೂ ಕರೆಸಿದ್ದೆ. ಮಾಸ್ತರರು ಬಂದು ಕೂತರು. "ತಗೋರ್ರಿ ಸರ್" ಎಂದು ತಬಕು ಮುಂದಿಟ್ಟೆ. ಅವರು ಎಲೆಗೆ ಸುಣ್ಣ ಹಚ್ಚಿದರು, ಅಡಿಕೆ ಇಟ್ಟರು, ಮಡಚಿ ಬಾಯಿಗೆ ಹಾಕಿದರು, ನಾಲ್ಕು ಸಲ ಅಗಿದರು. ಮುಖ ಅರಳಿತು. ಖುಷಿಗೆ ಕವಳವನ್ನು ದವಡೆಗೆ ಒತ್ತಿ ಬಾಯಿಬಿಟ್ಟರು.

"ಸುಣ್ಣ ಚೊಲೊ ಇದ್ದು! ಎಲ್ಲಿಂದು?"

"ಯಾಣದ್ದ್ರಿ ಸರ್" ಎಂದೆ. "ನಿಮ್ಮ ಜ್ವಾಲಾಮುಖಿ ಸುಟ್ಟು ಮಾಡಿದ್ದು. ಲಾವಾ ಸುಟ್ಟರ ಸುಣ್ಣ ಆಕ್ಕೈತೇನ್ರಿ?"

ಅಷ್ಟರಲ್ಲಿ ಅವರ ಬಾಯಿ ರಸದಿಂದ ತುಂಬಿತ್ತು. ಉಗುಳಬೇಕೆಂದರೆ ಎರಡೂ ಕಡೆ ಜನ. ಗದ್ದ ಮೇಲೆತ್ತಿದರು. ತೋರುಬೆರಳು ಎದ್ದಿತು, ಆದರೆ ಅದಕ್ಕೆ ಹೇಳಲು ಏನೂ ಹೊಳೆಯಲಿಲ್ಲ. ಕೊನೆಗೆ ಎಲ್ಲರ ಕಣ್ಣೆದುರು ಕವಳವನ್ನು ನುಂಗಿದರು. ಗಂಟಲು ಹತ್ತಿ ಕೆಮ್ಮಿದರು. ನಾನೇ ನೀರು ತಂದುಕೊಟ್ಟೆ.

"ಕಲ್ಲು ಯಾಣದ್ದೇ ಅಂತ ಎಂತ ಖಾತ್ರಿ?" ಎಂದರು.

"ನೀವ ಆರಿಸಿ ನನ್ನ ಕೈಯಾಗ ಕೊಟ್ಟಿದ್ರಿ. ಮಕ್ಕಳಿಗೆ ತೋರ್ಸು ಅಂದಿದ್ರಿ. ಇವತ್ತ ಊರಿಗೇ ತೋರಿಸೀನಿ."

ಅವರೇ ಕೊಟ್ಟದ್ದನ್ನು ಕಣ್ಣಾರೆ ಕಂಡಿದ್ದ ನಮ್ಮ ತರಗತಿಯವರು ಇಬ್ಬರು ಮೂವರು ಅಲ್ಲೇ ಇದ್ದರು. ಒಬ್ಬ ಹೌದೆಂದು ತಲೆಯಾಡಿಸಿಯೂಬಿಟ್ಟ. ಮೊದಲು ನಕ್ಕವಳು ಆ ಮುದುಕಿ.

"ಹಾಂಗಾರೆ ಅದು ಸುಣ್ಣದ ಗುಡ್ಡೆಯ? ಅಯ್ಯ ದೇವರೆ! ನಾ ಗಂಟು ಬಿಚ್ತೆ" ಎಂದು ಡಬ್ಬಿಗೆ ಬೆರಳಿಟ್ಟು, ತಾನೂ ಒಂದೆಲೆಗೆ ಹಚ್ಚಿಕೊಂಡಳು. ಆಮೇಲೆ ಕಟ್ಟೆಯೇ ನಕ್ಕಿತು. ಆ ನಗು ಕೇಳಲು ನಾನು ಎಷ್ಟು ವರ್ಷ ಕಾದಿದ್ದೆ! ಮಾಸ್ತರರು ಚಪ್ಪಲಿ ಮೆಟ್ಟಿ ಹೊರಟುಹೋದರು. ಯಜಮಾನರು ಮಾತ್ರ ಎರಡು ದಿನ ನನ್ನೊಡನೆ ಮಾತಾಡಲಿಲ್ಲ. ಮಾಸ್ತರರು ಮತ್ತೆ ನಮ್ಮ ಕಟ್ಟೆ ಹತ್ತಲಿಲ್ಲ, ಯಾರೂ ನನ್ನನ್ನು ಚಿತ್ರಾನ್ನ ಎನ್ನಲಿಲ್ಲ. ಲೆಕ್ಕ ಚುಕ್ತಾ ಆಯಿತು ಎಂದು ನಾನೂ ಸುಮ್ಮನಿದ್ದೆ.

ಸುಮ್ಮನೇ ಇರುತ್ತಿದ್ದೆ, ಮೊನ್ನೆ ಆ ಗುಮಾಸ್ತ ಹೊರಡುವಾಗ ಒಂದು ಮಾತು ಹೇಳದಿದ್ದರೆ.

"ಅಕ್ಕ, ಸರ್ ಮಾಡಿ ತೋರಿಸ್ತಾರಲ್ಲ, ಯಾಣದ ಕಲ್ಲು ಸುಟ್ಟು ಸುಣ್ಣ ಮಾಡೂದು? ಎರಡು ವರ್ಷದಿಂದ ಎಲ್ಲಾ ತರಗತಿಗೂ ತೋರಿಸಿದ್ದಾರೆ. ಯಾಣ ಜ್ವಾಲಾಮುಖಿ ಅಲ್ಲ ಅಂತ ಮೊದ್ಲು ಕಂಡುಹಿಡಿದವರೇ ಅವರಂತೆ. ಸಂಚಿಕೆಗೆ 'ಯಾಣದ ಗುಟ್ಟು ಒಡೆದ ಗುರುಗಳು' ಅಂತ ಹೆಸರಿಡೂದು ಅಂತ ಮಾಡಿದ್ದೇವೆ. ಚಲೋ ಇದೆ ಅಲ್ದ?"

ಅವನು ಅವತ್ತು ಕಟ್ಟೆಯ ಮೇಲಿರಲಿಲ್ಲ, ಕಾರವಾರದಲ್ಲಿ ಕೆಲಸದ ಮೇಲಿದ್ದ. ಆದರೆ ತರಗತಿಯಲ್ಲಿ ನಾನು ಲಿಂಬೆಹಣ್ಣು ಹಿಡಿದು ನಿಂತಾಗ ಇದ್ದನಲ್ಲ! ಅದು ಅವನಿಗೆ ನೆನಪೇ ಇಲ್ಲ. ನಕ್ಕಿದ್ದೂ ನೆನಪಿಲ್ಲ. ನನ್ನ ಓದು ಕಸಿದುಕೊಂಡದ್ದು ಸಾಲದೆ, ಅದರಿಂದ ನಾನು ಕಲಿತ ಒಂದೇ ಒಂದು ಸಂಗತಿಯನ್ನೂ ಆ ಮನುಷ್ಯ ಹೊತ್ತುಕೊಂಡು ಹೋಗಿದ್ದಾರೆ.

ಅದಕ್ಕೇ ಈ ಲೇಖನ. ಇದರ ಜೊತೆ ಆ ಹಿತ್ತಾಳೆಯ ಡಬ್ಬಿಯನ್ನೂ ಕಳಿಸುತ್ತಿದ್ದೇನೆ. ಯಾಣದ ಸುಣ್ಣ ತಳದಲ್ಲಿ ಇನ್ನೂ ಸ್ವಲ್ಪ ಇದೆ, ಒಣಗದಂತೆ ನೀರು ಹಾಕಿ ಇಟ್ಟಿದ್ದೆ. ಸನ್ಮಾನದ ದಿನ ಮಾಸ್ತರರಿಗೆ ಶಾಲು ಹೊದೆಸಿದ ಮೇಲೆ ವೇದಿಕೆಯಲ್ಲಿ ಕವಳದ ತಬಕು ಕೊಡುತ್ತೀರಲ್ಲ, ಅದರಲ್ಲಿ ಈ ಡಬ್ಬಿಯನ್ನೇ ಇಡಿ. ಅದು ಯಾರದೆಂದು ಅವರು ಕೇಳುವುದಿಲ್ಲ, ನೋಡಿದ ಕೂಡಲೇ ಗುರುತು ಸಿಗುತ್ತದೆ. ಹೆದರಬೇಡಿ, ಆಮೇಲೆ ನೀರು ಕೊಡಲು ನಾನಿರುತ್ತೇನೆ. ಈ ಸಲ ಮುಂದಿನ ಸಾಲಿನಲ್ಲಿ ಕೂರುತ್ತೇನೆ.